ಅಡುಗೆಮನೆಯ ಪ್ರೂಫ್

ಮಾರ್ಚ್ 3, ಮಂಗಳವಾರ
ಬೆಳಿಗ್ಗೆ ಎರಡು ಪ್ರೂಫ್ ತಿದ್ದಿದೆ. ನನ್ನ ಕೆಂಪು ಪೆನ್ಸಿಲ್ ಬೀಳದೆ ನಮ್ಮ ಪ್ರೆಸ್ಸಿನಿಂದ ಒಂದು ಹಾಳೆಯೂ ಹೊರಗೆ ಹೋಗುವುದಿಲ್ಲ. ಆಫೀಸಿಗೆ ಬಂದರೆ ಸೊಸೆ ಬಿಲ್ ಬಿಟ್ಟು ಕಂಪ್ಯೂಟರ್‌ನಲ್ಲಿ ಆಟ ಆಡುತ್ತಿದ್ದಾಳೆ. ಪೇಪರ್ ಏಜೆಂಟ್ ಕೊಟ್ಟ ಫ್ಲಾಪಿಯಂತೆ. ಬೈಯಲು ಬಾಯಿ ತೆರೆದೆ... ಪರದೆಯ ಮೇಲೆ ನಮ್ಮ ಮನೆ. ಮೆಟ್ಟಿಲ ಕೆಳಗಿನ ಹೊಲಿಗೆ ಮೆಷಿನ್, ಹಿಡಿ ಮುರಿದ ಕಪಾಟು, ಎಲ್ಲ.
"ಯಾರು ಮಾಡಿದ್ದು ಇದು?"
"ಗೊತ್ತಿದ್ದೂ ಕೇಳ್ತೀರಲ್ಲ ಅತ್ತೆ."
ನನ್ನ ಕಿರಿಮಗಳು. ನಮ್ಮಲ್ಲೇ ಅಕ್ಷರ ಜೋಡಿಸುತ್ತಿದ್ದವನನ್ನು ಮದುವೆಯಾಗಿ ಹೋದವಳು. ಈ ಹೊಸ್ತಿಲು ಮತ್ತೆ ತುಳಿಯಬೇಡ ಎಂದಿದ್ದೆ. ತುಳಿದಿಲ್ಲ.

ಮಾರ್ಚ್ 4
ಆಟ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಬೀಗ. ಕೆಳಗೆ ಬರೆದಿದೆ — ಮೊದಲ ಭಾಗ ಉಚಿತ, ಕಾಪಿ ಮಾಡಿ ಎಲ್ಲರಿಗೂ ಕೊಡಿ. ಬಾಗಿಲು ತೆರೆಯಬೇಕಿದ್ದರೆ ಹಣ ಕಳಿಸಿ, ಎರಡನೆಯ ಭಾಗ ಅಂಚೆಯಲ್ಲಿ ಬರುತ್ತದೆ. ಶೇರ್‌ವೇರ್ ಅನ್ನುತ್ತಾರಂತೆ.
ಅರ್ಧ ಪುಸ್ತಕ ಪುಕ್ಕಟೆ ಹಂಚಿ ಯಾವ ಪ್ರೆಸ್ ಬದುಕಿದೆ? ಫ್ಲಾಪಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಮ್ಮ ಮನೆ ಊರಿಗೆಲ್ಲ ಯಾಕೆ.

ಮಾರ್ಚ್ 9
ಹಲ್ಲಿನ ಡಾಕ್ಟರ್, ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ — "ಆಟದಲ್ಲಿ ಮೆಟ್ಟಿಲು ನೋಡಿದ್ ಕೂಡ್ಲೇ ನಿಮ್ಮನೆ ಅಂತ ಗೊತ್ತಾಯ್ತು. ಅಡುಗೆಮನೇಲಿ ಏನಿದೆ, ನೀವಾದ್ರೂ ಹೇಳಿ. ಹಣ ಕಳಿಸಿ ಎಷ್ಟು ದಿನ ಆಯ್ತು, ಇನ್ನೂ ಬಂದಿಲ್ಲ. ಮಕ್ಕಳು ತಲೆ ತಿಂತಿದಾರೆ."
ನನ್ನ ಬೀಗ ಯಾವ ಕೆಲಸಕ್ಕೆ ಬಂತು.
ಮಧ್ಯಾಹ್ನ ಯಾರೂ ಇಲ್ಲದಾಗ ಬೀರು ತೆಗೆದು ನಾನೇ ಆಡಿದೆ. ಬಾಗಿಲ ಮುಂದೆ ಬಂದರೆ ಆಟದ ಹುಡುಗಿ ತುದಿಗಾಲಲ್ಲಿ ನಿಲ್ಲುತ್ತಾಳೆ. ನನ್ನ ಮಗಳೂ ಹಾಗೇ ನಿಲ್ಲುತ್ತಿದ್ದಳು, ಒಲೆಯ ಮೇಲೇನಿದೆ ಎಂದು ಇಣುಕಲು. ನಾಲ್ಕು ಸಲ ಬಾಗಿಲವರೆಗೆ ಹೋದೆ. ಸುಮ್ಮನೆ, ಅವಳು ನಿಲ್ಲುವುದನ್ನು ನೋಡಲು.

ಏಪ್ರಿಲ್ 2
ಹಣ ಕಳಿಸಿದೆ. ಸೊಸೆಯ ಹೆಸರಿನಲ್ಲಿ.
"ನಿಮ್ಮ ಹೆಸರು ಹಾಕಿದ್ರೆ ಕಿರೀಟ ಬಿದ್ದು ಹೋಗ್ತಿತ್ತಾ?"


ಏಪ್ರಿಲ್ 18, ಮಧ್ಯಾಹ್ನ
ಬಂತು. ಲಕೋಟೆ ಸೊಸೆಯ ಹೆಸರಿಗೇ. ಒಳಗಿನ ಫ್ಲಾಪಿಯ ಮೇಲೆ ಕೆಂಪು ಪೆನ್ಸಿಲ್ಲಿನ ಅಕ್ಷರ, ಮಗಳದೇ — "ಪ್ರೂಫ್. ಅಮ್ಮ ನೋಡಿದ ಮೇಲೆ ಉಳಿದವರಿಗೆ." ಕೆಳಗೊಂದು ಫೋನ್ ನಂಬರ್.
ಹಾಗಾದರೆ ಇಷ್ಟು ದಿನ ಎಲ್ಲರನ್ನೂ ಕಾಯಿಸಿದ್ದು... ಹುಚ್ಚುಮುಂಡೇದು.

4 ಗಂಟೆ
ಬಾಗಿಲು ತೆರೆಯಿತು. ಕಿಟಕಿ ಸರಿ. ಸ್ಟೂಲ್ ಸರಿ. ಡಬ್ಬಿಗಳ ಸಾಲು ಸರಿ. ಒಲೆ ಬಲಗಡೆ. ನಮ್ಮದು ಎಡಗಡೆ. ಆ ಒಲೆಯ ಪಕ್ಕದಲ್ಲೇ ಬೆಳೆದವಳು, ಇದನ್ನು ಮರೆಯುತ್ತಾಳೆಯೇ?
"ತಪ್ಪು ಸಿಕ್ತಲ್ಲ ಅತ್ತೆ," ಸೊಸೆ ಫೋನನ್ನು ನನ್ನ ಮುಂದೆ ಸರಿಸಿದಳು. "ಇನ್ನು ಹೇಳ್ಲೇಬೇಕು."
ಹೌದು. ತಪ್ಪಿರುವ ಪ್ರೂಫ್ ನಾನು ಬಿಡುವವಳಲ್ಲ. ಇಲ್ಲಿಗೇ ಬಂದು, ಒಲೆ ನೋಡಿ, ತಿದ್ದಿಕೊಂಡು ಹೋಗಲಿ.
ನಂಬರ್ ತಿರುಗಿಸಿದೆ. ರಿಸೀವರ್ ಭುಜಕ್ಕೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು. ರಿಂಗ್ ಆಗುತ್ತಿದೆ. ಮೊದಲು ಒಲೆಯ ವಿಷಯ. ಆಮೇಲೆ —