ತುಲಸಾಳ ಗಂಟಲು

ಮಾಘ ೧೨, ಮನಾಂಗ್ ಶಿಬಿರ

ಇವತ್ತಿನದು ತಲೆಯಿಂದ ಹೋಗುತ್ತಲೇ ಇಲ್ಲ. ಹೆಪ್ಪುಗಟ್ಟಿದ ಜಲಪಾತ ಹತ್ತುವಾಗ ಮಂಜುಗಡ್ಡೆ ಕಿತ್ತುಬಂದರೆ ಮೇಲಿದ್ದವರು "ಐಸ್!" ಎಂದು ಕೂಗಲೇಬೇಕು. ಹತ್ತುವುದನ್ನು ಕಲಿಯಲು ಬರುವ ಹುಡುಗಿಯರಿಗೆ ನಾನು ಕಲಿಸುವ ಮೊದಲ ಪಾಠವೇ ಅದು. ಇವತ್ತು ಮೇಲಿದ್ದ ತುಲಸಾ ಗಡ್ಡೆ ಕಿತ್ತುಬಂದರೂ ಕೂಗಲಿಲ್ಲ. ಹೇಸರಗತ್ತೆಗಳ ಮೇಲೆ ದಿನಸಿ ತಂದಿದ್ದ ಅವಳ ಮಾವ ಕೆಳಗೇ ನಿಂತಿದ್ದರು. ಗಡ್ಡೆ ಅವರ ಭುಜಕ್ಕೆ ಬಿತ್ತು.

"ಬಾಯಿ ಬಿದ್ದುಹೋಗಿತ್ತೇನೇ?" ಎಂದು ಬೈದೆ.

"ಮಾವನೋರ ಎದುರಿಗೆ ಹೆಂಗಕ್ಕಾ ದನಿ ಎತ್ತಲಿ?" ಎಂದು ಅತ್ತಳು.

ಮುದುಕರೋ ಕೈಗೆ ಜೋಲಿ ಕಟ್ಟಿಸಿಕೊಂಡು ಬೀಗುತ್ತಿದ್ದರು: "ನೋಡಿದ್ರಾ, ನನ್ನ ಜೀವ ಹೋಗೋ ಹಂಗಿದ್ರೂ ಸೊಸೆ ಮರ್ಯಾದೆ ಬಿಡ್ಲಿಲ್ಲ!"

ನಾಳೆ ಅವಳ ಕೆಳಗೆ ಬೇರೆ ಹುಡುಗಿಯರು ನಿಲ್ಲಬೇಕು. ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸಬಲ್ಲೆ. ಗಂಟಲು ಬಿಚ್ಚಿಸುವುದು ಹೇಗೆ?

"ನಾಳೆ ಖಂಡಿತ ಕೂಗ್ತೀನಕ್ಕಾ" ಎಂದಳು ಮಲಗುವ ಮುಂಚೆ. ಅದನ್ನೂ ಪಿಸುದನಿಯಲ್ಲೇ.