ಸತ್ತ ಮಾರಾಟಗಾರನ ತಪ್ಪೊಪ್ಪಿಗೆ

ಆನ್‌ಲೈನ್ ಮಳಿಗೆಯ ಪೇಟೆಂಟ್ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ಮೊದಲು ‘ಮಾನ್ಯರೇ’ ಎಂದು ಬರೆದಿದ್ದೆ. ಮನಸ್ಸು ಒಪ್ಪಲಿಲ್ಲ, ಹೊಡೆದುಹಾಕಿದೆ. ನನ್ನ ಗಂಡ ಕಳ್ಳರಲ್ಲ. ಸತ್ತೂ ಇಲ್ಲ. ಈ ಎರಡು ಸಂಗತಿಗಳನ್ನು ನಿಮ್ಮ ದಾಖಲೆಯಲ್ಲಿ ತಿದ್ದಿಸಲು ಐದು ತಿಂಗಳಲ್ಲಿ ಹತ್ತೊಂಬತ್ತು ಪತ್ರ ಬರೆದಿದ್ದೇನೆ. ಹತ್ತೊಂಬತ್ತಕ್ಕೂ ಒಂದೇ ಉತ್ತರ: ‘ನಿಮ್ಮ ಕಳಕಳಿ ನಮಗೆ ಮುಖ್ಯ. ಪ್ರಕರಣ ಮುಕ್ತಾಯಗೊಂಡಿದೆ.’ ಹಾಗಾಗಿ ಇಪ್ಪತ್ತನೆಯದನ್ನು ನಿಮಗೊಬ್ಬರಿಗೇ ಕಳಿಸದೆ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಓದುವವರು ಯಾರೂ ಇಲ್ಲ ಎಂಬುದು ನನಗೆ ಖಾತ್ರಿಯಾಗಿದೆ.

ಓದುವುದು ಎಂದರೆ ಏನು ಎಂದು ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಯವರು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವರು. ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ಅಲ್ಪವಿರಾಮ ಬಂದರೆ ‘ಅಲ್ಪ’, ಪೂರ್ಣವಿರಾಮ ಬಂದರೆ ‘ಪೂರ್ಣ’ ಎಂದು ಅದನ್ನೂ ಓದಬೇಕು. ಅವರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಕೇಳಿಸಿಕೊಳ್ಳುತ್ತಾ, ಒಂದೊಂದು ಸಾಲು ಮುಗಿದಾಗಲೂ ಅದರ ತುದಿಗೆ ಕೆಂಪು ಪೆನ್ನಿನಲ್ಲಿ ಒಂದು ಟಿಕ್ ಹಾಕುತ್ತಿದ್ದರು. ಆ ಟಿಕ್ಕಿಗೆ ‘ಈ ಸಾಲು ನೋಡಿದ್ದೇನೆ’ ಎಂದಷ್ಟೇ ಅರ್ಥ. ಸಾಲಿನಲ್ಲಿ ಹೇಳಿದ್ದು ನಿಜ ಎಂದಲ್ಲ, ಒಪ್ಪಿದೆ ಎಂದೂ ಅಲ್ಲ. ಮುದ್ರಣಾಲಯ ಮುಚ್ಚಿದ ಮೇಲೂ ಈ ಚಾಳಿ ಹೋಗಲಿಲ್ಲ. ಔಷಧಿ ಡಬ್ಬಿಯ ಮೇಲಿನ ಸೂಚನೆಗೂ ಟಿಕ್, ದಿನಪತ್ರಿಕೆಗೂ ಟಿಕ್, ಒಮ್ಮೆ ನಮ್ಮ ನಾದಿನಿ ಬರೆದ ಜಗಳದ ಪತ್ರಕ್ಕೂ ಟಿಕ್. ಆಕೆ ಎರಡು ವರ್ಷ ಮಾತು ಬಿಟ್ಟಿದ್ದಳು.

ಇಂಥವರು ವ್ಯಾಪಾರಕ್ಕಿಳಿದರೆ ಹೇಗಿರುತ್ತದೆ ಯೋಚಿಸಿ. ನಮ್ಮತ್ತೆಗೆ ಎಂಬತ್ತೊಂಬತ್ತು. ಹೊಲಿಗೆ ಬಿಡಲೊಲ್ಲರು, ಆದರೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಹಕರಿಸುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ‘ಒಂಚೂರು ಪೋಣಿಸಿಕೊಡೇ’. ಅವರಿಗೆಂದು ಹುಡುಕುವಾಗ, ಸೂಜಿ ಇಟ್ಟು ಮೀಟುಗೋಲು ಒತ್ತಿದರೆ ದಾರ ತಾನೇ ಪೋಣಿಸಿಕೊಳ್ಳುವ ಪುಟ್ಟ ಸಾಧನವನ್ನು ಮಾಡುವ ಕಾರ್ಖಾನೆಯೊಂದು ಸಿಕ್ಕಿತು. ಅವರು ಮಾಡಿಕೊಡುತ್ತಾರೆ, ನಾವು ನಮ್ಮ ಹೆಸರಿನ ಚೀಟಿ ಅಂಟಿಸಿ ನಿಮ್ಮ ಮಳಿಗೆಯಲ್ಲಿ ಮಾರುವುದು. ‘ಅಜ್ಜಿಗಣ್ಣು’ ಎಂದು ಹೆಸರಿಟ್ಟವರೂ ಅತ್ತೆಯೇ.

ಕಾರ್ಖಾನೆಯವರು ನಾಳೆಯೇ ಮಾಲು ಕಳಿಸಲು ತಯಾರಿದ್ದರು. ನಮ್ಮ ಮನೆಯವರು, “ಇದರ ಮೇಲೆ ಯಾರದಾದ್ರೂ ಪೇಟೆಂಟ್ ಇದ್ಯಾ ನೋಡ್ದೇನೆ ಮಾರೋದು ಹ್ಯಾಗೆ?” ಎಂದರು.

“ಯಾರ್ ಕೇಳ್ತಾರೆ ಬಿಡಿ ಸಾರ್, ಎಲ್ಲರೂ ಹಿಂಗೇ ಮಾರೋದು” ಎಂದ ಕಾರ್ಖಾನೆಯ ಮಾಲೀಕ.

“ಎಲ್ಲರೂ ಪ್ರೂಫ್ ನೋಡಿರಲ್ಲ ಕಣಪ್ಪ” ಎಂದು ಇವರು ಫೋನಿಟ್ಟರು.

ನಾಲ್ಕು ತಿಂಗಳು, ಮುಖ್ಯಾಧಿಕಾರಿಗಳೇ! ಊಟದ ಮೇಜನ್ನು ಗೋಡೆಗೆ ಸರಿಸಿ, ಇನ್ನೂರ ಹನ್ನೆರಡು ಪೇಟೆಂಟ್‌ಗಳನ್ನು ಮುದ್ರಿಸಿ ತಂದು, ನಾನು ಓದಿದೆ, ಅವರು ಟಿಕ್ ಹಾಕಿದರು. ಯಾವುದಕ್ಕೆ ಅವಧಿ ಮುಗಿದಿದೆ, ಯಾವುದು ಇನ್ನೂ ಜೀವಂತವಿದೆ ಎಂದು ಬೇರೆ ಬೇರೆ ಕಟ್ಟು ಕಟ್ಟಿದೆವು. ಕೊನೆಗೆ ಜೀವಂತವಿರುವ ಒಂದು ನಮ್ಮದಕ್ಕೆ ಹತ್ತಿರ ಬಂತು. ಅದರ ಹಕ್ಕಿನ ವಾಕ್ಯದಲ್ಲಿ, ಎಂದರೆ ‘ಇಷ್ಟು ನನ್ನದು’ ಎಂದು ಒಡೆಯರು ಹೇಳಿಕೊಳ್ಳುವ ಸಾಲಿನಲ್ಲಿ, ಮೂರು ಭಾಗಗಳಿದ್ದವು: ದಾರ ತಳ್ಳುವ ಮೀಟುಗೋಲು, ಸೂಜಿಯನ್ನು ಹಿಡಿದಿಡುವ ಆಯಸ್ಕಾಂತ, ದಾರ ಕತ್ತರಿಸುವ ಬ್ಲೇಡು. ಪೇಟೆಂಟ್ ವಕೀಲೆಯ ಬಳಿ ಹೋದೆವು. ಇವರ ಕಟ್ಟುಗಳನ್ನು ನೋಡಿ ಆಕೆ, “ನನಗೇನು ಕೆಲಸ ಉಳಿಸಿದೀರಾ ಸಾರ್?” ಎಂದು ನಕ್ಕರು. ಆಮೇಲೆ ಬಿಡಿಸಿ ಹೇಳಿದರು: ಆ ವಾಕ್ಯದಲ್ಲಿ ಹೇಳಿದ ಮೂರೂ ನಿಮ್ಮ ವಸ್ತುವಿನಲ್ಲಿದ್ದರೆ ಮಾತ್ರ ಉಲ್ಲಂಘನೆ, ಒಂದು ಇಲ್ಲದಿದ್ದರೂ ಅಲ್ಲ. “ಆಯಸ್ಕಾಂತ ತೆಗೆಸಿಬಿಡಿ, ಅದರ ಜಾಗಕ್ಕೆ ಬೇರೆ ಏನೂ ಹಾಕ್ಬೇಡಿ.” ತೆಗೆಸಿದೆವು. ವಕೀಲೆ ಅದನ್ನು ಕಾಗದದ ಮೇಲೂ ಬರೆದುಕೊಟ್ಟರು. ಸೂಜಿಯನ್ನು ಬೆರಳಲ್ಲೇ ಹಿಡಿದುಕೊಳ್ಳಬೇಕಾಯಿತು. “ಬೆರಳು ಯಾಕಿರೋದು ಮತ್ತೆ?” ಎಂದು ಅತ್ತೆ ಮೊದಲ ಸಾಧನವನ್ನು ತಮ್ಮ ಹೊಲಿಗೆ ಡಬ್ಬಿಗೆ ಹಾಕಿಕೊಂಡರು.

ಮಾರಾಟಕ್ಕಿಟ್ಟು ಆರನೆಯ ವಾರ ಆ ಪೇಟೆಂಟಿನ ಒಡೆಯರು ನಿಮಗೆ ದೂರು ಕೊಟ್ಟರು. ನಾವು ಓದಲು ನಾಲ್ಕು ತಿಂಗಳು ತೆಗೆದುಕೊಂಡದ್ದನ್ನು ನೀವು ಹನ್ನೊಂದು ನಿಮಿಷದಲ್ಲಿ ಓದಿ ಮುಗಿಸಿದಿರಿ. ದೂರು ಬಂದದ್ದು ಹತ್ತು ಗಂಟೆ ನಾಲ್ಕು ನಿಮಿಷಕ್ಕೆ, ‘ಅಜ್ಜಿಗಣ್ಣು’ ನಿಮ್ಮ ಮಳಿಗೆಯಿಂದ ಮಾಯವಾದದ್ದು ಹತ್ತು ಹದಿನೈದಕ್ಕೆ. ಎಂಥ ವೇಗ! ಆಯಸ್ಕಾಂತ ಇದೆಯೋ ಇಲ್ಲವೋ ಎಂದು ನೋಡಲು ಹನ್ನೆರಡನೆಯ ನಿಮಿಷ ಬೇಕಾಗುತ್ತಿತ್ತೇನೋ ಪಾಪ.

ಆಮೇಲೆ ನಿಮ್ಮ ನಮೂನೆ ಬಂತು. ಮುದ್ರಿಸಿ, ಭರ್ತಿ ಮಾಡಿ, ಸಹಿ ಹಾಕಿ ಕಳಿಸಬೇಕು. ಹದಿನಾಲ್ಕು ಸಾಲು, ಪ್ರತಿ ಸಾಲಿನ ತುದಿಗೆ ಒಂದು ಪುಟ್ಟ ಚೌಕ. ಇಲ್ಲಿ ನಮ್ಮ ಕಡೆಯ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ನಾನು ಗಟ್ಟಿಯಾಗಿ ಓದಿದೆ, ಅವರು ಕೇಳಿಸಿಕೊಂಡರು, ಮೂವತ್ತೊಂದು ವರ್ಷದ ಕೈ ತನ್ನ ಪಾಡಿಗೆ ತಾನು ಸಾಲಿನ ತುದಿಯಲ್ಲಿ ಟಿಕ್ ಹಾಕುತ್ತಾ ಹೋಯಿತು. ಹದಿನಾಲ್ಕು ಸಾಲಿಗೆ ಹದಿನಾಲ್ಕು ಟಿಕ್. ನಡುವೆ ನಿಮ್ಮ ಆರು ಕಾಗುಣಿತದ ತಪ್ಪುಗಳನ್ನೂ ತಿದ್ದಿದರು. ಜೊತೆಗೆ ಏಳು ಪುಟದ ಉತ್ತರ, ವಕೀಲೆಯ ಪತ್ರ, ಸಾಧನವನ್ನು ಬಿಚ್ಚಿ ತೆಗೆದ ಫೋಟೋ ಲಗತ್ತಿಸಿ ಕಳಿಸಿದೆವು. ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಇದು ನಮ್ಮಂಥವರು ಮಾತ್ರ ಮಾಡಬಹುದಾದ ಬೆಪ್ಪು ಕೆಲಸ, ಒಪ್ಪಿದೆ.

ಆದರೆ ನೀವು? ನಿಮ್ಮ ಒಂಬತ್ತನೆಯ ಸಾಲು ‘ಉಲ್ಲಂಘನೆಯನ್ನು ಒಪ್ಪುತ್ತೇನೆ’. ಹತ್ತನೆಯದು ‘ಉಲ್ಲಂಘನೆಯನ್ನು ಒಪ್ಪುವುದಿಲ್ಲ’. ಎರಡಕ್ಕೂ ಟಿಕ್ ಇದೆ. ಒಂಬತ್ತು ಕಂಡ ಕಣ್ಣಿಗೆ ಹತ್ತು ಕಾಣಲಿಲ್ಲವೇ? ಹನ್ನೆರಡನೆಯದು ‘ಮಾರಾಟಗಾರರು ಅಪ್ರಾಪ್ತ ವಯಸ್ಕರು’. ಹದಿಮೂರನೆಯದು ‘ಮಾರಾಟಗಾರರು ಮೃತರಾಗಿದ್ದು, ವಾರಸುದಾರರು ಭರ್ತಿ ಮಾಡಿದ್ದಾರೆ’. ಮೂರನೆಯ ದಿನ ನಿಮ್ಮ ತೀರ್ಪು ಬಂತು: ‘ದಿವಂಗತ ಮಾರಾಟಗಾರರ ಪರವಾಗಿ ಉಲ್ಲಂಘನೆಯನ್ನು ಒಪ್ಪಿಕೊಳ್ಳಲಾಗಿದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.’ ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟ ನನ್ನ ಅರವತ್ತಾರು ವರ್ಷದ ಗಂಡ ಅದನ್ನು ಎರಡು ಸಲ ಓದಿದರು.

ಅಂದು ಅವರು ಊಟಕ್ಕೆ ಏಳಲಿಲ್ಲ. ಅತ್ತೆ ಅಡುಗೆಮನೆಯಿಂದ, “ಸತ್ತೋನಿಗೆ ತಟ್ಟೆ ಇಡಬೇಕಾ ಬೇಡ್ವಾ ಕೇಳೇ” ಎಂದರು. ನಗಿಸಲೆಂದೇ ಅಂದದ್ದು. ಅವರು ನಗಲಿಲ್ಲ. “ಅಮ್ಮಾ, ನಾನೇ ಟಿಕ್ ಹಾಕಿದೀನಿ. ನನ್ನ ಕೈಯಾರೆ” ಎಂದಷ್ಟೇ ಹೇಳಿ ಕೆಂಪು ಪೆನ್ನನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ಐದು ತಿಂಗಳಿಂದ ನಮ್ಮ ಮನೆಯ ದಿನಪತ್ರಿಕೆಯಲ್ಲಿ ಒಂದು ಗುರುತೂ ಇಲ್ಲ. ಅಷ್ಟು ಚೊಕ್ಕವಾದ ಪತ್ರಿಕೆಯನ್ನು ನೋಡಲಾರದೆ ಬೆಳಿಗ್ಗೆಯೇ ಮಡಚಿಡುತ್ತೇನೆ. ನಮ್ಮ ಅಂಗಡಿಯ ಹೆಸರಿನ ಪಕ್ಕದಲ್ಲಿ ‘ಉಲ್ಲಂಘನೆ ಒಪ್ಪಿಕೊಂಡವರು’ ಎಂಬ ನಿಮ್ಮ ಸಾಲು ಇಂದಿಗೂ ಯಾರು ಬೇಕಾದರೂ ಓದುವಂತೆ ಇದೆ. ತಪ್ಪು ಹುಡುಕುವುದೇ ಬದುಕಾಗಿದ್ದವರಿಗೆ ತಾವೇ ಮಾಡಿದ ತಪ್ಪನ್ನು ದಿನಾ ಓದುವ ಶಿಕ್ಷೆ. ನಿಮ್ಮನ್ನು ನಾನು ಕ್ಷಮಿಸಲಾರೆ. ಕ್ಷಮಿಸುವ ಆಸೆಯೂ ಇಲ್ಲ.

ಈಗ ನಿಮಗೆ ಇಷ್ಟವಾಗದ ಭಾಗ. ಎರಡು ತಿಂಗಳ ಹಿಂದೆ ನಿಮ್ಮ ಮಳಿಗೆ ತನ್ನದೇ ಹೆಸರಿನಲ್ಲಿ ಸೂಜಿಗೆ ದಾರ ಪೋಣಿಸುವ ಸಾಧನವೊಂದನ್ನು ಮಾರಾಟಕ್ಕಿಟ್ಟಿತು. ನಾನೂ ಒಂದು ತರಿಸಿದೆ. ಅತ್ತೆ ಅದರಲ್ಲಿ ಸೂಜಿ ಇಟ್ಟು ಕೈ ಬಿಟ್ಟರು. ಸೂಜಿ ಅಲ್ಲಾಡಲಿಲ್ಲ. “ಲೇ, ಇದರಲ್ಲಿ ಆಯಸ್ಕಾಂತ ಇದೆ ಕಣೇ!” ಎಂದು ಅವರು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ಇಣುಕಿದರು. ಮೀಟುಗೋಲು ಇದೆ. ಬ್ಲೇಡೂ ಇದೆ. ಮೂರಕ್ಕೆ ಮೂರು. ನಿಮ್ಮ ಸ್ವಂತ ಮಾಲನ್ನು ಬಿಡುಗಡೆ ಮಾಡುವ ಮುನ್ನ ಆ ಪೇಟೆಂಟನ್ನು ಯಾರಾದರೂ ತೆರೆದು ನೋಡಿದಿರಾ? ಅದೇ ಪೇಟೆಂಟಿನ ಸಂಖ್ಯೆ ಬರೆದು ನಮ್ಮನ್ನು ಹೊರಗೆ ಹಾಕಿದ ಕಾಗದ ನಿಮ್ಮ ಕಚೇರಿಯಲ್ಲೇ ಇತ್ತಲ್ಲ?

ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಹಕ್ಕಿನ ವಾಕ್ಯವನ್ನು ಒಂದು ಕಡೆ, ನಿಮ್ಮ ಸಾಧನದ ಬಿಡಿಭಾಗಗಳ ಫೋಟೋಗಳನ್ನು ಇನ್ನೊಂದು ಕಡೆ ಇಟ್ಟು ಹನ್ನೊಂದು ಪುಟ ಬರೆದು ಪೇಟೆಂಟಿನ ಒಡೆಯರಿಗೇ ಕಳಿಸಿದೆ. ಆಯಸ್ಕಾಂತದ ಯಜಮಾನರು ಎಂದು ಅವರಿಗೆ ನಮ್ಮ ಮನೆಯಲ್ಲಿ ಹೆಸರು. ವಾರದೊಳಗೆ ಅವರೇ ಮನೆಗೆ ಬಂದರು. ಸಣಕಲು ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲಿ. ಅತ್ತೆ ಅವರ ಕೈಗೆ ನಮ್ಮ ‘ಅಜ್ಜಿಗಣ್ಣು’ ಕೊಟ್ಟರು. ತಿರುಗಿಸಿ ಮುರುಗಿಸಿ ನೋಡಿದರು.

“ಅಯ್ಯೋ, ಇದರಲ್ಲಿ ಆಯಸ್ಕಾಂತಾನೇ ಇಲ್ವಲ್ಲಮ್ಮಾ! ಫೋಟೋ ನೋಡಿ ದೂರು ಕೊಟ್ಬಿಟ್ಟೆ ನಾನು.”

“ನೀವು ಫೋಟೋನಾದ್ರೂ ನೋಡಿದ್ರಿ. ಅವರು ಅದನ್ನೂ ನೋಡಿಲ್ಲ” ಎಂದೆ.

ಅಲ್ಲೇ ಕುಳಿತು ಅವರು ನಮ್ಮ ಮೇಲಿನ ದೂರನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದರು. ನಿಮ್ಮ ಉತ್ತರ: ‘ಮಾರಾಟಗಾರರ ಕಡೆಯವರೇ ಒಪ್ಪಿಕೊಂಡಿರುವುದರಿಂದ ದೂರುದಾರರ ನಿರಾಕರಣೆಯನ್ನು ಪರಿಗಣಿಸಲಾಗದು.’ ಕದ್ದಿಲ್ಲ ಎಂದು ಮಾಲಿನ ಒಡೆಯನೇ ಬಂದು ಹೇಳಿದರೂ ಕಳ್ಳತನ ನಡೆದೇ ಇದೆ ಎನ್ನುವ ಕಚೇರಿಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಅದೇ ದಿನ ಅವರು ನಿಮ್ಮ ಸ್ವಂತ ಮಾಲಿನ ಮೇಲೆ ದೂರು ಕೊಟ್ಟರು. ಅದು ನಲವತ್ತೊಂದು ದಿನಗಳಿಂದ ‘ಪರಿಶೀಲನೆಯಲ್ಲಿದೆ’. ನಮಗೆ ಹನ್ನೊಂದು ನಿಮಿಷ, ನಿಮಗೆ ನಲವತ್ತೊಂದು ದಿನ. ಗಡಿಯಾರವೂ ನಿಮ್ಮ ಕಚೇರಿಯದೇ ಇರಬೇಕು.

ಆಯಸ್ಕಾಂತದ ಯಜಮಾನರು ಈಗ ನ್ಯಾಯಾಲಯಕ್ಕೆ ಹೊರಟಿದ್ದಾರೆ. ನನ್ನ ಹನ್ನೊಂದು ಪುಟ ಅವರ ವಕೀಲರ ಕೈಯಲ್ಲಿದೆ. ಸಾಕ್ಷಿಗೆ ಕರೆದರೆ ನಾನು ಬರುತ್ತೇನೆ, ಅಲ್ಪ, ಪೂರ್ಣ ಎಲ್ಲವನ್ನೂ ಸೇರಿಸಿ ಗಟ್ಟಿಯಾಗಿ ಓದುತ್ತೇನೆ. ಆ ದಿನ ನೀವು ಎದುರಿಗೆ ಕುಳಿತು ಒಂದೊಂದು ಸಾಲನ್ನೂ ಕೇಳಿಸಿಕೊಳ್ಳಬೇಕು. ನಿಮ್ಮ ಮುಖದ ನೀರಿಳಿಯುವುದನ್ನು ನೋಡಲು ಅತ್ತೆಯೂ ಬರುತ್ತಾರಂತೆ. ಈಗಲೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ.

ನನ್ನ ಬೇಡಿಕೆ ಇಷ್ಟೇ. ಹದಿನೈದು ದಿನದೊಳಗೆ ನಮ್ಮ ಹೆಸರಿನ ಪಕ್ಕದ ಆ ಸಾಲನ್ನು ಅಳಿಸಿ, ‘ಅಜ್ಜಿಗಣ್ಣ’ನ್ನು ಮತ್ತೆ ಮಾರಾಟಕ್ಕಿಡಿ. ನನ್ನ ಗಂಡ ಬದುಕಿದ್ದಾರೆ, ಅವರು ಏನನ್ನೂ ಕದ್ದಿಲ್ಲ, ಅವರ ಉತ್ತರವನ್ನು ನಿಮ್ಮ ಕಚೇರಿ ಓದಿರಲಿಲ್ಲ ಎಂದು ಅದೇ ಜಾಗದಲ್ಲಿ ಬರೆಯಿರಿ. ನಿಮ್ಮದೇ ನಮೂನೆಯ ಖಾಲಿ ಪ್ರತಿಯೊಂದನ್ನು ಲಗತ್ತಿಸಿದ್ದೇನೆ, ಈ ಸಲ ನಿಮ್ಮ ಮಾಲಿನ ಬಗ್ಗೆ ನೀವೇ ಭರ್ತಿ ಮಾಡಿ. ಒಂಬತ್ತೋ ಹತ್ತೋ, ಒಂದಕ್ಕೆ ಮಾತ್ರ ಟಿಕ್ ಹಾಕಿ.

ಒಂದು ಮಾತು ಉಳಿಯಿತು. ಈ ಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಮೇಜಿನ ಮೇಲೆ ಅವರಿಗೆ ಕಾಣುವ ಹಾಗೆ ಇಟ್ಟು ಹೊರಗೆ ಹೋಗಿದ್ದೆ. ಬಂದು ನೋಡಿದರೆ ಡ್ರಾಯರು ತೆರೆದಿತ್ತು. ಮೂರು ಕಡೆ ಕೆಂಪು ಶಾಯಿಯಲ್ಲಿ ನನ್ನ ಕಾಗುಣಿತ ತಿದ್ದಿದ್ದರು, ಪ್ರತಿ ಸಾಲಿಗೂ ಟಿಕ್ ಹಾಕಿದ್ದರು. ಕೊನೆಯ ಸಾಲೊಂದನ್ನು ಬಿಟ್ಟು. ಹಳೆಯ ರೂಢಿಯಂತೆ ನಾನು ಅಲ್ಲಿ ‘ತಮಗೆ ಕೊಟ್ಟ ತೊಂದರೆಗೆ ಕ್ಷಮೆ ಇರಲಿ’ ಎಂದು ಬರೆದಿದ್ದೆ. ಅವರು ಅದನ್ನು ಪೂರ್ತಿ ಹೊಡೆದುಹಾಕಿದ್ದಾರೆ.

ಇಂತಿ,
ನಿಮ್ಮ ದಾಖಲೆಯಂತೆ ಒಬ್ಬ ಸತ್ತ ಕಳ್ಳನ,
ಇನ್ನೂ ಗಟ್ಟಿಯಾಗಿ ಓದಬಲ್ಲ ಹೆಂಡತಿ