ನಿನ್ನ ಕಂಬಳಿ ಕೌದಿಯೊಳಗೆ ಸೇರಿದ್ದು

ಅತ್ತೆ,

ಅಪ್ಪನ ಅಕ್ಕನಾಗಿ ನನ್ನನ್ನು ಎತ್ತಿ ಆಡಿಸಿದವಳೂ ನೀನೇ, ಸೊಸೆ ಮಾಡಿಕೊಂಡು ಬೈದವಳೂ ನೀನೇ. ಇದನ್ನು ಇನ್ಯಾರಿಗೆ ಹೇಳಲಿ?

ಕುರಿ ಹಿಂದೆ ಹೋಗುವವರಿಗೆ ಕೌದಿ ಹೊಲಿದು ಮುಗಿಸಿದಾಗ ನೀನು ಅದನ್ನು ಅವರ ಹೆಗಲಿಗೆ ಹಾಕಿ ಅಂಗಳ ಸುತ್ತಿಸುತ್ತಿದ್ದೆ, ನೆನಪಿದೆಯಾ? "ಭಾರ ಜಾಸ್ತಿ ಆದ್ರೆ ಮನೇಲೇ ಬಿಟ್ಟು ಹೋಗ್ತಾರೆ, ಆಮೇಲೆ ಹೊಲದಾಗೆ ನಡುಗ್ತಾರೆ" ಅನ್ನುತ್ತಿದ್ದೆ. ಈ ಚಳಿಗಾಲ ಆ ಮಾತು ನನ್ನ ತಲೆ ತಿಂದುಬಿಟ್ಟಿತು. ಇವರು, ಅದೇ ನಿನ್ನ ಮಗ, ಎದೆಯಲ್ಲಿ ಕಫ ಕಟ್ಟಿ ಚಳ್ಳಕೆರೆ ಆಸ್ಪತ್ರೆಯಲ್ಲಿ ಮಲಗಿ ಬಂದರು. ಮತ್ತೆ ಎದೆಗೆ ಚಳಿ ಬಡಿದರೆ ಕಷ್ಟ ಎಂದಿದ್ದರು ಡಾಕ್ಟರು. ಇವರು ಕೇಳಬೇಕಲ್ಲ! ಅಮಾವಾಸ್ಯೆ ಕಳೆದ ಕೂಡಲೇ ಮಂದೆಯನ್ನು ದೇವಸಮುದ್ರದ ಕಡೆ ಹೊಡೆಯುವುದಾಗಿ ಹಟ ಹಿಡಿದರು.

"ಕುರೀನ ಮನೆಯಾಗೆ ಕಟ್ಕೊಂಡು ನಿನ್ನ ಸೀರೆ ಮೇಯಿಸ್ಲಾ?"

ಆ ಬಯಲಿನ ಗಾಳಿಗೆ ಹಳೆಯ ಕೌದಿ ಸಾಲದು. ಇನ್ನೂ ದಪ್ಪನೆಯದು ಬೇಕು, ಅದೂ ಹೊರುವಂತಿರಬೇಕು.

ನೀನು ಸೀರೆಗಳನ್ನು ಮುಖಕ್ಕೆ ಹಿಡಿದು, ಊದಿ ನೋಡಿ ಆರಿಸುತ್ತಿದ್ದೆ. ನಾನೂ ಹಾಗೆಯೇ ಊದಿ, ಉಸಿರು ಆಚೆ ದಾಟದ ಹತ್ತಿ ಸೀರೆಗಳನ್ನು ಕೌದಿಯ ಮೇಲ್ಪದರಕ್ಕೂ ಕೆಳಪದರಕ್ಕೂ ಎತ್ತಿಟ್ಟೆ. ನಡುವೆ ಏನಿಡುವುದು? ಅರಳೆ ತುಂಬಿದರೆ ಇಬ್ಬನಿ ಕುಡಿದು ಒಣಗುವುದೇ ಇಲ್ಲ. ಚಳ್ಳಕೆರೆಯಿಂದ ಹೊಸ ಕಂಬಳಿ ತಂದೆ. ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದು. ಸೂಜಿ ಇಳಿಯಲಿಲ್ಲ, ಮೈಗೆ ಕೂರಲಿಲ್ಲ, ಭುಜದ ಹತ್ತಿರ ಎದ್ದು ನಿಂತುಕೊಂಡಿತು. "ಇದು ಕೌದಿ ಅಲ್ಲ ಕಣೇ, ಬಾಗ್ಲು" ಎಂದು ಇವರು ನಕ್ಕರು. ನಗುವಿನ ಬೆನ್ನಿಗೇ ಕೆಮ್ಮು.

ವರ್ಷಗಟ್ಟಲೆ ಹೊದ್ದು ಮೆತ್ತಗಾದ ಕಂಬಳಿಯೇ ಆಗಬೇಕಿತ್ತು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ಕೊನೆಯ ದಿನಗಳಲ್ಲಿ ನಿನಗೆ ಹೊದಿಸಿದ್ದು... ಎಲ್ಲರೂ ಬಿಸಾಡು ಎಂದರೂ ನಾನು ಅಟ್ಟಕ್ಕೆ ಹಾಕಿದ್ದೆ.

ಅದನ್ನು ಒಗೆದು ಬಿಸಿಲಿಗೆ ಹರವಿದ ದಿನವೇ ನಿನ್ನ ಮಗಳು ಬೋರಕ್ಕ ತಮ್ಮನನ್ನು ನೋಡಲು ಸಿದ್ದಾಪುರದಿಂದ ಬರಬೇಕೇ? ಕಂಬಳಿಯನ್ನೂ ಪಕ್ಕದಲ್ಲಿ ಕೌದಿಗೆಂದು ಆರಿಸಿಟ್ಟ ಸೀರೆಗಳನ್ನೂ ಕಂಡವಳೇ ಚೀಲ ನೆಲಕ್ಕೆ ಬಿಟ್ಟಳು.

"ಏನೇ ನಾಗೂ, ಸತ್ತೋರು ಹೊದ್ದಿದ್ದನ್ನ ನನ್ನ ತಮ್ಮನ ಎದೆ ಮ್ಯಾಲೆ ಹಾಕ್ತೀಯಾ?"

"ಉಣ್ಣೆಗೆ ಮೈಲಿಗೆ ಎಲ್ಲೈತಕ್ಕ? ದೇವ್ರ ಕೆಳಗೂ ಅದನ್ನೇ ಹಾಸ್ತೀವಿ."

"ಮೈಲಿಗೆ ಮಾತಲ್ಲ ಕಣೇ. ಅವ್ವ ಅದರೊಳಗೇ ನಡುಗಿ ನಡುಗಿ... ಅವ್ವಂಗೇ ಬೆಚ್ಚಗಾಗ್ಲಿಲ್ಲ!"

ಆ ನಡುಕ ನಾನೂ ಕಂಡವಳೇ ಅಲ್ಲವೇ? ಕಂಬಳಿಯನ್ನು ಸೂರ್ಯನಿಗೆ ಅಡ್ಡವಾಗಿ ಎತ್ತಿ ಹಿಡಿದೆ. ಎಳೆಗಳ ಸಂದಿಯಿಂದ ಬಿಸಿಲು ಅವಳ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು.

"ನೋಡಕ್ಕ, ನಾವು ಇದೊಂದನ್ನೇ ಹೊದಿಸಿದ್ವಿ. ಗಾಳಿ ತೂರ್ತು. ಎರಡು ಸೀರೆ ನಡುವೆ ಹೊಲಿದ್ರೆ ಹೆಂಗೆ ತೂರ್ತೈತೆ?"

ಬೋರಕ್ಕ ಕಂಬಳಿಯನ್ನು ನನ್ನ ಕೈಯಿಂದ ಇಸಿದುಕೊಂಡಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು. "ಅವನೇನಾದ್ರೂ ನಡುಗ್ಲಿ, ನಿನ್ನ ಜುಟ್ಟು ನನ್ನ ಕೈಯಾಗಿರ್ತೈತೆ" ಎಂದು ನನ್ನ ಎದುರೇ ಕೂತು ಹೊಲಿದಳು. ಮುಗಿದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಇವರು ಅಂಗಳ ಸುತ್ತಿದರು. "ಭಾರ ಐತೆ" ಎಂದರು. ಇಬ್ಬರೂ ಉಸಿರು ಹಿಡಿದೆವು. "ಒಯ್ತೀನಿ ಬಿಡ್ರೇ."

ಇವರು ಮಂದೆ ಹೊಡೆದುಕೊಂಡು ಹೋದ ದಿನವೇ ಮೋಡ ಮುಚ್ಚಿ ಶೀತಗಾಳಿ ಎದ್ದಿತು. ಬೋರಕ್ಕ ಊರಿಗೆ ಹೋಗಲಿಲ್ಲ. ಮರುದಿನ ಹೊತ್ತೇರಿದ ಮೇಲೆ ಇವರ ನಂಬರಿನಿಂದಲೇ ಫೋನು ಬಂತು. ದನಿ ಇವರದಲ್ಲ.

"ಏಮಮ್ಮಾ, ನಾನು ಇಲ್ಲಿ ಹೊಲದೋನು. ನಿಮ್ಮ ಯಜಮಾನ್ರು ಏಳ್ತಾನೇ ಇಲ್ಲ..."

ಅತ್ತೆ, ಆ ಗಳಿಗೆ ನಾನು ನಿನ್ನನ್ನೇ ಕೂಗಿದೆ. ಕೇಳಿಸಿತಾ?

"...ಮೈಯೆಲ್ಲ ಬೆವರು, ಗೊರಕೆ ಬೇರೆ! ಜೊತೆಗಾರ ನೀರಿಗೆ ಹೋಗವ್ನೆ. ಕುರಿ ನನ್ನ ಕಡ್ಲೆ ಹೊಲಕ್ಕೆ ನುಗ್ಗವೆ. ಎಬ್ಬಿಸೋಕೆ ಹೋದ್ರೆ ಕೌದಿ ಬಿಡ್ತಿಲ್ಲ ಆಸಾಮಿ!"

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಬೋರಕ್ಕ ಫೋನು ಕಿತ್ತುಕೊಂಡಳು.

"ಯಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಕುರೀನ ನೀನೇ ಒಂಚೂರು ಅತ್ತ ಹೊಡಿ. ಅವನ್ನ ಎಬ್ಬಿಸಬ್ಯಾಡ."